ಕಾರಣ ಬರೆಯುವ ಸಾಹೇಬರು

ಮೊದಲೇ ಹೇಳಿಬಿಡುತ್ತೇನೆ, ಅವರು ಸತ್ತಿಲ್ಲ. ಹೀಗೆ ಒಬ್ಬರ ಬಗ್ಗೆ ಬರೆಯಲು ಕೂತರೆ ಓದುವವರು ಎರಡನೇ ಸಾಲಿಗೇ ಕಣ್ಣು ಒರೆಸಿಕೊಳ್ಳಲು ತಯಾರಾಗುತ್ತಾರೆ. ಅದರ ಅಗತ್ಯ ಇಲ್ಲ. ಅವರು ಕಲಬುರಗಿ ಹತ್ತಿರದ ಕಮಲಾಪುರದಲ್ಲಿ ಗಟ್ಟಿಮುಟ್ಟಾಗಿದ್ದಾರೆ, ಎರಡು ಹೊತ್ತು ಜೋಳದ ರೊಟ್ಟಿ ತಿನ್ನುತ್ತಾರೆ, ಮಧ್ಯಾಹ್ನ ಗೊರಕೆ ಹೊಡೆಯುತ್ತಾರೆ, ನನ್ನನ್ನು ಕಂಡರೆ ಈಗಲೂ ಬೈಯುತ್ತಾರೆ. ನಿಮ್ಮ ಬಗ್ಗೆ ಬರೆಯುತ್ತೇನೆ ಅಂದಾಗ ಅವರು ಹಾಕಿದ್ದು ಒಂದೇ ಶರತ್ತು, ಹೆಸರು ಹಾಕಬಾರದು. ಹುಮನಾಬಾದಿನಲ್ಲಿರುವ ಅವರ ಮಾವನವರು ಭಜಿ ಕಟ್ಟಿಕೊಟ್ಟ ಪೇಪರನ್ನೂ ಬಿಡದೆ ಓದುವವರು. ಅಳಿಯ ದೊಡ್ಡ ಕಂಪನಿಯಿಂದ ಉದ್ದನೆಯ ರಜೆ ಪಡೆದು ಊರಿಗೆ ಬಂದಿದ್ದಾನೆ ಎಂದು ಅವರು ಎರಡು ವರ್ಷದಿಂದ ನಂಬಿಕೊಂಡಿದ್ದಾರೆ. ಆ ನಂಬಿಕೆಯನ್ನು ಕೆಡಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಹಾಗಾಗಿ ಇಲ್ಲಿ ಅವರು ಬರೀ ಸಾಹೇಬರು. ಆಫೀಸಿನಲ್ಲೂ ಅವರ ಬೆನ್ನ ಹಿಂದೆ ನಾವು ಹಾಗೇ ಕರೆಯುತ್ತಿದ್ದೆವು, ಎದುರಿಗೆ ಮಾತ್ರ ಸರ್. ಅವರ ಬಗ್ಗೆ ಬರೆಯಬೇಕು ಅನ್ನಿಸಿದ್ದು ಒಂದು ಕಾಗದದ ದೆಸೆಯಿಂದ. ಕಪನೂರದ ನಲವತ್ತು ಜನರ ಕೆಲಸ ಆ ಕಾಗದದ ಮೇಲೆ ನಿಂತಿತ್ತು. ಅದನ್ನು ಬರೆಯಲು ಅವರು ಒಪ್ಪಲಿಲ್ಲ, ನಾನು ಬರೆದೆ. ಆ ಮಾತಿಗೆ ಆಮೇಲೆ ಬರುತ್ತೇನೆ, ಯಾಕೆಂದರೆ ಮೊದಲು ಅಲ್ಲಿಗೇ ಹೋದರೆ ನೀವು ನನ್ನ ಮುಖ ನೋಡುವುದಿಲ್ಲ.

ನಮ್ಮದು ದೊಡ್ಡ ಕಂಪನಿ. ಎಷ್ಟು ದೊಡ್ಡದೆಂದರೆ ಅದು ಏನು ಮಾಡುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಲು ಒಳಗಿದ್ದವರಿಗೂ ಬರುವುದಿಲ್ಲ. ಮುಖ್ಯ ಕಚೇರಿ ಮುಂಬೈಯಲ್ಲಿ. ಅಲ್ಲಿ ಬಾಡಿಗೆ ದುಬಾರಿ, ಕಲಬುರಗಿಯಲ್ಲಿ ಸಿ.ಎ. ಓದಿದವರು ಸಸ್ತಾ. ಈ ಎರಡು ಸಂಗತಿಗಳ ಮದುವೆಯಿಂದ ಹುಟ್ಟಿದ್ದು ನಮ್ಮ ಕಾರ್ಪೊರೇಟ್ ಫೈನಾನ್ಸ್ ವಿಭಾಗ. ಮೂರು ಅಂತಸ್ತಿನ ಗಾಜಿನ ಕಟ್ಟಡ, ಒಳಗೆ ಹಲ್ಲು ಕಡಿಯುವಂಥ ಎ.ಸಿ. ಮೇ ತಿಂಗಳ ಕಲಬುರಗಿಯಲ್ಲಿ ಸ್ವೆಟರ್ ಹಾಕಿಕೊಂಡು ಓಡಾಡಿದವರು ನಾವೇ ಇರಬೇಕು. ಹೊರಗಿನಿಂದ ನೋಡುವವರಿಗೆ ಅದು ಇಂದ್ರಲೋಕ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಗಾಜಿನ ಬೆಟ್ಟವಾದರೆ ಇನ್ನೂ ನುಣ್ಣಗೆ.

ಸಾಹೇಬರು ಆ ಇಂದ್ರಲೋಕದ ಮುಖ್ಯಸ್ಥರು. ಎತ್ತರದ ಆಳು, ಬಿಳಿ ಅಂಗಿ, ಬಗಲಲ್ಲಿ ಸದಾ ಒಂದು ಉದ್ದ ನೋಟ್‌ಬುಕ್ಕು. ಎಲ್ಲರೂ ಕೊರಳಿನ ಐಡಿ ಕಾರ್ಡನ್ನು ಮಾವಿನಕಾಯಿ ಮಾಲೆಯ ಹಾಗೆ ಎದೆಯ ಮೇಲೆ ತೂಗಿಬಿಟ್ಟುಕೊಂಡರೆ ಅವರು ಅದನ್ನು ಅಂಗಿಯೊಳಗೆ, ಕೊರಳಿನ ಇಷ್ಟಲಿಂಗದ ಪಕ್ಕಕ್ಕೆ ಇಳಿಬಿಡುತ್ತಿದ್ದರು. ಕೇಳಿದರೆ ಒಂದು ಶಿವನಿಗೆ, ಒಂದು ಪಗಾರಕ್ಕೆ ಅನ್ನುತ್ತಿದ್ದರು. ಗೇಟಿನ ಮಷೀನಿಗೆ ಕಾರ್ಡು ತೋರಿಸಲು ಅಂಗಿಯೊಳಗೆ ಕೈ ಹಾಕಿದಾಗ ಒಮ್ಮೊಮ್ಮೆ ಲಿಂಗವೇ ಮೊದಲು ಕೈಗೆ ಬರುತ್ತಿತ್ತು. ಮಷೀನು ಬಾಗಿಲು ತೆರೆಯುತ್ತಿರಲಿಲ್ಲ. ಶಿವನಿಗೂ ಇಲ್ಲಿ ಪ್ರವೇಶ ಇಲ್ಲ ನೋಡು ಎಂದು ನನಗೆ ತೋರಿಸುತ್ತಿದ್ದರು.

ಅವರಿಗೆ ಈ ಹುದ್ದೆ ಬಂದಾಗ ಕಮಲಾಪುರದ ಬಸ್ ಸ್ಟ್ಯಾಂಡಿನ ಮುಂದೆ ಫ್ಲೆಕ್ಸ್ ಹಾಕಿದ್ದರಂತೆ. ಊರಿನ ಹೆಮ್ಮೆಯ ಪುತ್ರ ಎಂದು ಬರೆದು, ಯಾರದೋ ಮದುವೆಯಲ್ಲಿ ತಂಪು ಕನ್ನಡಕ ಹಾಕಿಕೊಂಡು ತೆಗೆಸಿದ ಫೋಟೋ ಅಂಟಿಸಿದ್ದರು. ಕೆಂಪು ಬಾಳೆಹಣ್ಣನ್ನು ಬಿಟ್ಟರೆ ಊರಿಗೆ ಇಷ್ಟು ಹೆಸರು ತಂದದ್ದು ಇವರೇ ಎಂದು ಅವರ ಕಾಕಾ ಕಂಡಕಂಡವರಿಗೆ ಹೇಳಿದರು. ಅವರು ಮಾಡುವ ಕೆಲಸ ಏನು ಎಂದು ಮಾತ್ರ ಊರಿನಲ್ಲಿ ಯಾರಿಗೂ ತಿಳಿಯಲಿಲ್ಲ. ಫೈನಾನ್ಸ್ ಅಂದಮೇಲೆ ಸಾಲ ಕೊಡುವವರಿರಬೇಕು ಎಂದು ಪಕ್ಕದ ಮನೆಯವನೊಬ್ಬ, ಕಂತು ಕಟ್ಟದ್ದಕ್ಕೆ ಫೈನಾನ್ಸಿನವರು ಎಳೆದುಕೊಂಡು ಹೋಗಿದ್ದ ತನ್ನ ಮೋಟರ್‌ಸೈಕಲ್ಲನ್ನು ಬಿಡಿಸಿಕೊಡಿ ಎಂದು ಬಂದ. ನಮ್ಮದು ಆ ಫೈನಾನ್ಸ್ ಅಲ್ಲ ಎಂದು ತಿಳಿಸಿ ಹೇಳುವುದಕ್ಕಿಂತ ಬಿಡಿಸಿಕೊಡುವುದೇ ಸಲೀಸು ಅನ್ನಿಸಿ ಸಾಹೇಬರು ಅರ್ಧ ಭಾನುವಾರ ಅಲೆದು, ಅವರಿವರ ಕಾಲು ಹಿಡಿದು ಬಿಡಿಸಿಕೊಟ್ಟರು. ತಮ್ಮ ನೌಕರಿಯಿಂದ ಯಾರಿಗಾದರೂ ಉಪಯೋಗ ಆಗಿದ್ದು ಅದೊಂದೇ ದಿನ ಎಂದು ಅವರು ನನಗೆ ಹಲವು ಸಲ ಹೇಳಿದ್ದುಂಟು. ಹೇಳುವಾಗ ನಗುತ್ತಿರಲಿಲ್ಲ.

ಅವರ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನನ್ನ ತಂದೆ ಎಂಬ ಪ್ರಬಂಧ ಬರೆಯಲು ಕೊಟ್ಟರು. ಆ ಹುಡುಗಿ ಬರೆದದ್ದು ಮೂರು ಸಾಲು. ನನ್ನ ತಂದೆ ಕಲಬುರಗಿಯಲ್ಲಿ ದೊಡ್ಡ ಆಫೀಸರ್. ಅವರು ಲ್ಯಾಪ್‌ಟಾಪ್ ತೆಗೆದು ಉಸಿರು ಬಿಡುತ್ತಾರೆ. ನಂತರ ಲ್ಯಾಪ್‌ಟಾಪ್ ಮುಚ್ಚಿ ಇನ್ನೊಮ್ಮೆ ಉಸಿರು ಬಿಡುತ್ತಾರೆ. ಸಾಹೇಬರ ಹೆಂಡತಿ ಅದೇ ಶಾಲೆಯಲ್ಲಿ ಟೀಚರು, ನಾವು ವೈನಿ, ಅಂದರೆ ಅತ್ತಿಗೆ, ಅನ್ನುತ್ತೇವೆ. ವೈನಿ ಆ ಪ್ರಬಂಧಕ್ಕೆ ಹತ್ತಕ್ಕೆ ಹತ್ತು ಹಾಕಿ ಮನೆಗೆ ತಂದು ತೋರಿಸಿದರು. ಸಾಹೇಬರು ಅದರ ಜೆರಾಕ್ಸ್ ಮಾಡಿಸಿ ಆಫೀಸಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು.

ನಾನು ಮೂರನೇ ಸಲಕ್ಕೆ ಸಿ.ಎ. ಪಾಸಾಗಿ, ಹೊಸ ಬೂಟು ಹಾಕಿಕೊಂಡು ಅಲ್ಲಿಗೆ ಸೇರಿದೆ. ದೇಶದ ಆರ್ಥಿಕತೆಯನ್ನೇ ತಿರುಗಿಸುವ ಹುರುಪು. ಮೊದಲ ದಿನ ಸಾಹೇಬರು ನನ್ನ ಮುಂದೆ ಒಂದು ಹಾಳೆ ತೆರೆದಿಟ್ಟರು. ಅದರಲ್ಲಿ ಪ್ರತಿ ಘಟಕದ್ದೂ ಎರಡೆರಡು ಅಂಕಿ. ಹೀಗಾಗಬಹುದು ಎಂದು ವರ್ಷದ ಆರಂಭದಲ್ಲಿ ನಾವೇ ಅಂದಾಜು ಮಾಡಿ ಬರೆದದ್ದು ಒಂದು, ನಿಜವಾಗಿ ಆದದ್ದು ಇನ್ನೊಂದು. ಅವೆರಡೂ ಎಂದೂ ಕೂಡುವುದಿಲ್ಲ. ಯಾಕೆ ಕೂಡಲಿಲ್ಲ ಎಂದು ಪಕ್ಕದ ಖಾಲಿ ಜಾಗದಲ್ಲಿ ಕಾರಣ ಬರೆದು ಮುಂಬೈಗೆ ಕಳಿಸಬೇಕು. ಇದೇ ಕೆಲಸ. ಈ ತಿಂಗಳೂ ಇದೇ, ಬರುವ ತಿಂಗಳೂ ಇದೇ, ನಿವೃತ್ತಿಯ ತನಕ ಇದೇ.

"ಅಂದಾಜು ಅನ್ನೋದು ನಾವು ಹೇಳಿದ ಸುಳ್ಳು. ಆಗಿದ್ದು ಅನ್ನೋದು ದೇವರ ಇಚ್ಛಾ," ಅಂದರು ಸಾಹೇಬರು. "ಎರಡರ ನಡುವ ಒಂದು ಸಂದಿ ಅದಲ್ಲ, ಅದರಾಗ ನಮ್ಮ ಪಗಾರ ಅದ ತಮ್ಮಾ."

ಕಾರಣ ಬರೆಯುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಬಗಲಲ್ಲಿದ್ದ ಆ ಉದ್ದ ನೋಟ್‌ಬುಕ್ಕು ಕಾರಣಗಳದೇ. ಯಾವ ತಿಂಗಳು ಯಾವ ಘಟಕಕ್ಕೆ ಯಾವ ಕಾರಣ ಕೊಟ್ಟಾಯಿತು ಎಂದು ಅದರಲ್ಲಿ ಗುರುತು ಹಾಕಿರುತ್ತಿದ್ದರು. ಲಾರಿ ಮುಷ್ಕರ, ಮದುವೆ ಸೀಜನ್ನು, ರಂಜಾನು, ತೊಗರಿ ರಾಶಿಗೆ ಕೂಲಿಯವರು ಹೊರಟುಹೋದದ್ದು, ಕರೆಂಟು. ಒಂದೇ ಕಾರಣ ಮೂರು ತಿಂಗಳೊಳಗೆ ಎರಡು ಸಲ ಬರಬಾರದು. ಮುಂಬೈಯವರು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬಹುದಾದ ಕಾರಣ ಬರೆಯಲೇಬಾರದು. ಕಾರಣದಲ್ಲಿ ಸ್ವಲ್ಪ ದುಃಖ ಇರಬೇಕು, ಜೊತೆಗೆ ಮುಂದೆ ಒಳ್ಳೆಯದಾಗುವ ಭರವಸೆಯೂ ಇರಬೇಕು. ಇಷ್ಟನ್ನು ಕಲಿಯಲು ನನಗೆ ಆರು ತಿಂಗಳು ಹಿಡಿಯಿತು. ಅದಕ್ಕಾಗಿ ನಾನು ಮೂರು ಸಲ ಸಿ.ಎ. ಪರೀಕ್ಷೆ ಬರೆದದ್ದು.

ಅವರು ಎಡವಿದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ಮೇ ತಿಂಗಳ ಒಂದು ಹಾಳೆಯಲ್ಲಿ, ಬೇರೆ ಎಲ್ಲ ಕಾರಣಗಳೂ ತೀರಿಹೋಗಿದ್ದರಿಂದ, ಅಕಾಲಿಕ ಮಳೆ ಎಂದು ಬರೆದುಬಿಟ್ಟರು. ಆ ತಿಂಗಳು ಮುಂಬೈಯ ದೊಡ್ಡ ಸಾಹೇಬರೊಬ್ಬರು ಒಂದು ವಾರ ಕಲಬುರಗಿಯಲ್ಲೇ ಕೋಟು ಹಾಕಿಕೊಂಡು ಬೆಂದು ಹೋಗಿದ್ದರು. ಮಳೆ ಎಲ್ಲಾಯಿತು ಎಂದು ಅವರು ಫೋನಿನಲ್ಲಿ ಕೇಳಿದರು. ಸಾಹೇಬರು ಒಂದು ಗಳಿಗೆಯೂ ತಡವರಿಸಲಿಲ್ಲ. ನೀವು ಇದ್ದದ್ದು ಪಟ್ಟಣದಲ್ಲಿ, ಮಳೆಯಾದದ್ದು ಹಳ್ಳಿ ಕಡೆ, ನಮ್ಮ ಲಾರಿಗಳು ಹಳ್ಳಿಗಳಿಗೂ ಹೋಗುತ್ತವೆ ಅಂದರು. ಮುಂದಿನ ತಿಂಗಳ ಹಾಳೆಯಲ್ಲಿ ವಿಪರೀತ ಬಿಸಿಲು ಎಂಬ ಕಾರಣ ಬಂತು. ಮುಂಬೈಯ ಆ ದೊಡ್ಡ ಸಾಹೇಬರೇ ಅದನ್ನು ಓದಿ, ತಾವೇ ಸಾಕ್ಷಿ ಎಂದು ಮೀಟಿಂಗಿನಲ್ಲಿ ಹೇಳಿದರಂತೆ.

ಇನ್ನು ಮೀಟಿಂಗುಗಳು. ಮೂರು ತಿಂಗಳಿಗೊಮ್ಮೆ ಫೋನಿನಲ್ಲೇ ಇಡೀ ದಿನ ನಡೆಯುವ ಮೀಟಿಂಗು ಇರುತ್ತಿತ್ತು. ನಮ್ಮ ಸರದಿ ಬರುವುದು ಸಂಜೆಗೆ, ನಾಲ್ಕು ನಿಮಿಷ. ಉಳಿದ ಹೊತ್ತು ಕೇಳಿಸಿಕೊಳ್ಳುವುದು. ಸಾಹೇಬರು ತಮ್ಮ ದನಿ ಆ ಕಡೆ ಹೋಗದಂತೆ ಗುಂಡಿ ಒತ್ತಿ, ಮನೆಯಿಂದ ತಂದ ಶೇಂಗಾ ಮೇಜಿನ ಮೇಲೆ ಸುರಿದು ಸುಲಿಯಲು ಕೂಡುತ್ತಿದ್ದರು. ವೈನಿಗೆ ಮೂರು ತಿಂಗಳ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಬೇಕಾದಷ್ಟು ಶೇಂಗಾ ಒಂದು ಮೀಟಿಂಗಿನಲ್ಲಿ ತಯಾರಾಗುತ್ತಿತ್ತು. ಒಮ್ಮೆ ಗುಂಡಿ ಒತ್ತುವುದನ್ನು ಮರೆತರು. ಅದೇನು ಕಟಕಟ ಸದ್ದು ಎಂದು ಮುಂಬೈಯಿಂದ ಪ್ರಶ್ನೆ ಬಂತು. ಕಲಬುರಗಿಯ ಲೈನು ಹೀಗೇ, ಬಿಸಿಲಿಗೆ ತಂತಿ ಸಿಡಿಯುತ್ತದೆ ಎಂದು ಹೇಳಿ ಒಂದು ಕಾಳು ಬಾಯಿಗೆ ಹಾಕಿಕೊಂಡರು. ಇನ್ನೊಂದು ಸಲ, ವರದಿಯಲ್ಲಿ ಅಂಕಿಗಳನ್ನು ತೋರಿಸುವ ಒಂದು ಚಾರ್ಟಿನ ನೀಲಿ ಬಣ್ಣ ಸ್ವಲ್ಪ ಗಾಢವಾಯಿತೇ ಎಂಬುದರ ಮೇಲೆ ಮೂರು ದಿನ ಚರ್ಚೆ ನಡೆಯಿತು. ಹನ್ನೊಂದು ಜನ, ಎಲ್ಲರೂ ದೊಡ್ಡ ದೊಡ್ಡ ಕಾಲೇಜುಗಳಲ್ಲಿ ಓದಿದವರು. ನಾಲ್ಕನೇ ದಿನ ಮೊದಲಿನ ನೀಲಿಯೇ ಇರಲಿ ಎಂದು ತೀರ್ಮಾನವಾಯಿತು. ಅಂದು ಸಾಹೇಬರು ಊಟದ ಡಬ್ಬಿ ತೆರೆಯದೆ ಕಿಟಕಿಯ ಹತ್ತಿರ ಸುಮಾರು ಹೊತ್ತು ನಿಂತಿದ್ದರು. ತಮಗೆ ನಲವತ್ತಾರು ವರ್ಷವಾಯಿತು ಎಂದು ಮಾತ್ರ ಹೇಳಿದರು.

ಅವರು ಖುಷಿಯಿಂದ ಹೋಗುತ್ತಿದ್ದ ಜಾಗ ಒಂದೇ ಇತ್ತು. ಕಲಬುರಗಿಯ ಅಂಚಿನಲ್ಲಿರುವ ಕಪನೂರದ ಕಾರ್ಖಾನೆಗಳ ನಡುವೆ ನಮ್ಮ ಕಂಪನಿಯದು ಚೀಲ ಹೊಲಿಯುವ ಒಂದು ಶೆಡ್ಡು. ಮೂವತ್ತೆಂಟು ಹೆಂಗಸರು, ಇಬ್ಬರು ಗಂಡಸರು. ಅವರಲ್ಲೇ ಒಬ್ಬಳಾದ ರಜಿಯಾ ಆಪಾ ಮೇಲ್ವಿಚಾರಕಿ, ಎಲ್ಲರಿಗೂ ಆಪಾ, ಅಂದರೆ ಅಕ್ಕ. ಐವತ್ತರ ಹೆಣ್ಣುಮಗಳು, ಕೊರಳಲ್ಲಿ ಅಳತೆ ಪಟ್ಟಿ, ಕಿವಿಯ ಮೇಲೆ ಸೀಸದಕಡ್ಡಿ. ಸಾಹೇಬರು ತಿಂಗಳಿಗೊಮ್ಮೆ ದಾಸ್ತಾನು ತಪಾಸಣೆ ಎಂದು ಫೈಲಿನಲ್ಲಿ ಬರೆದು, ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೊರಡುತ್ತಿದ್ದರು. ತಪಾಸಣೆ ಐದು ನಿಮಿಷ, ಚಹಾ ಒಂದು ತಾಸು. ಮಷೀನುಗಳ ಗಲಾಟೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂತು, ಹೊಲಿದು ಬಂದ ಚೀಲವನ್ನು ಎರಡೂ ಕೈಯಿಂದ ಎಳೆದು ನೋಡುತ್ತಿದ್ದರು. ಹೊಲಿಗೆ ಬಿಡುತ್ತಿರಲಿಲ್ಲ. ಇದು ಗಟ್ಟಿ ಇದೆ ಎಂದು ನನ್ನ ಕೈಗೆ ಕೊಡುತ್ತಿದ್ದರು, ನಾನೂ ಎಳೆದು ನೋಡಬೇಕಿತ್ತು. ಆ ಶೆಡ್ಡಿನ ಹಾಳೆಗೆ ಕಾರಣ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆಪಾ ವರ್ಷದ ಆರಂಭದಲ್ಲಿ ಎಷ್ಟು ಚೀಲ ಎಂದು ಹೇಳುತ್ತಿದ್ದಳೋ ಅಷ್ಟನ್ನು ಹೊಲಿಸಿ ಕೊಡುತ್ತಿದ್ದಳು. ಈ ಹೆಂಗಸಿನಿಂದ ನಮ್ಮ ಧಂದೆ ಹಾಳಾಗುತ್ತದೆ ಎಂದು ಸಾಹೇಬರು ತಮಾಷೆ ಮಾಡುತ್ತಿದ್ದರು.

ಆ ಶೆಡ್ಡನ್ನು ಮುಚ್ಚಬೇಕು ಎಂದು ಒಂದು ಮಂಗಳವಾರ ಮುಂಬೈಯಿಂದ ಬಂತು. ತೀರ್ಮಾನ ಆಗಿತ್ತು, ಕಾರಣ ಇನ್ನೂ ಆಗಿರಲಿಲ್ಲ. ಶುಕ್ರವಾರದೊಳಗೆ ಹತ್ತು ಕಾರಣಗಳ ಒಂದು ಟಿಪ್ಪಣಿ ಬೇಕು, ಮೇಲಿನವರ ಮುಂದೆ ಇಡಲಿಕ್ಕೆ. ಸಾಹೇಬರು ಓದಿ, ನೋಟ್‌ಬುಕ್ಕು ತೆಗೆದರು. ತೆರೆಯಲಿಲ್ಲ. ಮರುದಿನ ಒಬ್ಬರೇ ಕಪನೂರಕ್ಕೆ ಹೋಗಿ ಬಂದರು. ಗುರುವಾರ ಮಧ್ಯಾಹ್ನ ನನ್ನನ್ನು ಕರೆದು ತಾವು ಬರೆದದ್ದನ್ನು ತೋರಿಸಿದರು. ಹತ್ತು ಸಾಲಿನ ಜಾಗದಲ್ಲಿ ಒಂದೇ ಸಾಲು ಇತ್ತು. ಈ ಘಟಕವನ್ನು ಮುಚ್ಚಲು ನಮಗೆ ಯಾವ ಕಾರಣವೂ ಕಾಣುವುದಿಲ್ಲ.

"ಸರ್, ಇದನ್ನ ಕಳಸಬ್ಯಾಡ್ರಿ," ಅಂದೆ.

"ಇಪ್ಪತ್ತು ವರ್ಷದಾಗ ಇದೊಂದ ಖರೆ ಬರದೀನಿ. ಇದನ್ನೂ ಕಳಸಲಿಲ್ಲ ಅಂದ್ರ ಹ್ಯಾಂಗ?" ಅಂದವರೇ ಗುಂಡಿ ಒತ್ತಿಬಿಟ್ಟರು.

ಅವರಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಮುಂಬೈಯವರು ತಿಳಿದರು. ಶುಕ್ರವಾರ ಬೆಳಿಗ್ಗೆ ನನಗೆ ಫೋನು ಬಂತು. ನಿಮ್ಮ ಸರ್ ಸ್ವಲ್ಪ ದಣಿದ ಹಾಗಿದೆ, ನಿಮ್ಮಿಂದ ಆಗುತ್ತದೆಯೇ ಎಂದು ಬಹಳ ನಯವಾಗಿ ಕೇಳಿದರು. ನನಗೆ ಆಗ ಹೆಣ್ಣು ನೋಡುತ್ತಿದ್ದರು. ಹೆಸರಿನ ಮುಂದೆ ಮ್ಯಾನೇಜರ್ ಎಂದಿದ್ದರೆ ನಮ್ಮ ಕಡೆ ಎಂಥೆಂಥ ಮನೆಗಳ ಬಾಗಿಲು ತೆರೆಯುತ್ತದೆ ಎಂದು ನಿಮಗೆ ಗೊತ್ತಿರಬಹುದು. ಇದು ಕಾರಣ ಅಲ್ಲ, ನೆವ. ಆ ಟಿಪ್ಪಣಿ ಬರೆಯಲು ನನಗೆ ಇಪ್ಪತ್ತು ನಿಮಿಷ ಸಾಕಾಯಿತು. ನಾಚಿಕೆಯ ಸಂಗತಿ ಎಂದರೆ ಬರೆಯುವಾಗ ನನಗೆ ಖುಷಿಯಾಗಿತ್ತು. ಸಾಗಣೆಯ ತೊಂದರೆ, ಹಳೆಯ ಮಷೀನು, ಜಾಗದ ಬಳಕೆ ಎಂದೆಲ್ಲ ಐದು ಆದಮೇಲೆ ಕೈ ನಿಂತಿತು. ಆರನೆಯದಕ್ಕೆ, ಕಾರ್ಮಿಕರಲ್ಲಿ ಗೈರುಹಾಜರಿ ಹೆಚ್ಚು, ಕೆಲಸದ ವೇಗ ಕಡಿಮೆ ಎಂದು ಬರೆದೆ. ಅದು ಶುದ್ಧ ಸುಳ್ಳು. ಆದರೆ ಅದರಲ್ಲಿ ಸ್ವಲ್ಪ ದುಃಖ ಇತ್ತು, ಮುಂದೆ ಒಳ್ಳೆಯದಾಗುವ ಭರವಸೆಯೂ ಇತ್ತು. ಉಳಿದ ನಾಲ್ಕು ತಾವಾಗಿಯೇ ಬಂದವು.

ಟಿಪ್ಪಣಿಯ ಒಂದು ಪ್ರತಿ ಪದ್ಧತಿಯಂತೆ ಸಾಹೇಬರಿಗೂ ಹೋಯಿತು. ಗಾಜಿನ ಆಚೆ ಅವರು ಅದನ್ನು ಓದುವುದು ನನಗೆ ಕಾಣುತ್ತಿತ್ತು. ಬೈಯುತ್ತಾರೆ ಎಂದು ಕಾದೆ. ಅವರು ಎದ್ದು ಬಂದು, ಚಹಾ ಆಯಿತೇ ಎಂದು ಕೇಳಿ, ಹೊರಗೆ ಹೋದರು. ಶೆಡ್ಡು ಆ ತಿಂಗಳೇ ಮುಚ್ಚಿತು. ಅದರ ಮುಂದಿನ ತಿಂಗಳು ಅವರು ರಾಜೀನಾಮೆ ಕೊಟ್ಟರು. ಬಿಡುವ ಕಾರಣ ಬರೆಯಿರಿ ಎಂಬಲ್ಲಿ ಅಡ್ಡಗೆರೆ ಎಳೆದಿದ್ದರು. ಬೀಳ್ಕೊಡುಗೆಗೆ ಶಾಲು, ಹಣ್ಣಿನ ಬುಟ್ಟಿ, ಗಾಜಿನ ಒಂದು ಗೋಪುರ. ನಾವೆಲ್ಲ ಒಂದು ಕುಟುಂಬ ಎಂದು ಮುಂಬೈಯಿಂದ ಯಾರೋ ಪರದೆಯ ಮೇಲೆ ಹೇಳಿದರು, ಹೇಳುವಾಗ ಸಾಹೇಬರ ಹೆಸರನ್ನು ತಪ್ಪಾಗಿ ಹೇಳಿದರು. ಸಾಹೇಬರಿಗೆ ಎರಡು ಮಾತು ಆಡಿ ಅಂದರೆ, ಬುಟ್ಟಿಯಲ್ಲಿರುವ ಬಾಳೆಹಣ್ಣು ನಮ್ಮ ಊರಿನದಲ್ಲ ಎಂದು ಒಂದೇ ಮಾತಾಡಿ ಕೂತರು. ಅವರ ಕುರ್ಚಿ ನನಗೆ ಬಂತು. ಮದುವೆಯೂ ಆಯಿತು.

ಎರಡು ವರ್ಷ ಆ ಕುರ್ಚಿಯಲ್ಲಿ ಕೂತೆ. ಹೆಂಡತಿಯ ತವರಿನಲ್ಲಿ ನನಗೆ ಮೊದಲ ಪಂಕ್ತಿಯಲ್ಲೇ ತಟ್ಟೆ ಇಡುತ್ತಿದ್ದರು. ಆಫೀಸಿನಲ್ಲಿ ನಾನು ಕಾರಣ ಬರೆಯುತ್ತಿದ್ದೆ, ಬಣ್ಣ ನೋಡುತ್ತಿದ್ದೆ. ನನಗೂ ಒಂದು ನೋಟ್‌ಬುಕ್ಕು ಬೇಕಾಯಿತು. ಭಾನುವಾರ ಸಂಜೆಯಾದರೆ ಅದನ್ನು ತೆರೆದು, ಆ ಆರನೆಯ ಕಾರಣ ನೆನಪಾಗಿ ಮತ್ತೆ ಮುಚ್ಚಿಡುತ್ತಿದ್ದೆ. ಈ ಚಳಿಗಾಲದ ಒಂದು ಶನಿವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ.

ಸಾಹೇಬರು ತೋಟದಲ್ಲಿದ್ದರು. ಲುಂಗಿ, ಬನಿಯನ್ನು, ಬನಿಯನ್ನಿನ ಮೇಲೆ ಬರೀ ಲಿಂಗ. ನನ್ನ ಬೂಟು ನೋಡಿ, ಅದನ್ನು ಅಲ್ಲೇ ಬಿಟ್ಟು ಬಾ, ಗಿಡಗಳು ಹೆದರುತ್ತವೆ ಅಂದರು. ಕೆಂಪು ಬಾಳೆಯ ಗೊನೆ ಕೈಗೆ ಬರಲು ಒಂದೂವರೆ ವರ್ಷ ಹಿಡಿಯುತ್ತದೆ. ಮೂರು ತಿಂಗಳಿಗೊಮ್ಮೆ ಬಂದು ಫಲಿತಾಂಶ ಏನು ಎಂದು ಕೇಳಿದರೆ ಈ ಗಿಡ ಏನು ಹೇಳಬೇಕು ಎಂದು ನಕ್ಕರು. ಊರಿನವರು ಈಗಲೂ ಏನು ಮಾಡುತ್ತೀರಿ ಎಂದು ಕೇಳುತ್ತಾರಂತೆ. ಕೂತಿದ್ದೇನೆ ಅಂದರೆ ಯಾರೂ ನಂಬುವುದಿಲ್ಲವಂತೆ, ಏನೋ ದೊಡ್ಡ ಯೋಜನೆ ಇರಬೇಕು ಅನ್ನುತ್ತಾರಂತೆ. ಮನೆಯಲ್ಲಿ ವೈನಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಶೇಂಗಾ ಹಿಂಡಿ ಅಂಗಡಿಯದು. ಮೀಟಿಂಗು ನಿಂತಮೇಲೆ ಇವರು ಒಂದು ಕಾಳನ್ನೂ ಸುಲಿದಿಲ್ಲ ಎಂದು ದೂರಿದರು.

ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು ಕಪನೂರದ ಮಾತು ತೆಗೆದೆ. ಆ ಟಿಪ್ಪಣಿ ನಾನೇ ಬರೆದದ್ದು, ನಿಮಗೆ ಗೊತ್ತಿತ್ತು, ನೀವು ಒಂದು ಮಾತೂ ಅನ್ನಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು ಎಂದೆ.

"ಹ್ಯಾಂಗ ಬೈಲಿ?" ಅಂದರು. ಮುಖದಲ್ಲಿ ನಗು ಇರಲಿಲ್ಲ. "ಓದಾಕತ್ತಾಗ ಇದು ನಾನ ಬರದದ್ದೇನು ಅನಿಸ್ತು. ಆರನೇದು ನೋಡಿದಾಗಂತೂ ನಂದ ಕೈ. ಮುಂಬೈದವ್ರು ಮೊದಲಿಂದ ಹಂಗ ಇದ್ರು, ಅವರ ಸಲುವಾಗಿ ನಾ ಬಿಡಲಿಲ್ಲ ತಮ್ಮಾ. ನಿನಗ ಕಲಿಸಿದ್ನಲ್ಲ, ಅದಕ್ಕ ಬಿಟ್ಟೆ."

ನಾನು ಕಟ್ಟೆಯ ಮೇಲೆ ಕೂತಲ್ಲೇ ಅತ್ತೆ. ಮೂವತ್ತೆರಡು ವರ್ಷದ, ಮೀಸೆ ಇರುವ ಗಂಡಸು. ಅವರು ಸಮಾಧಾನ ಮಾಡಲಿಲ್ಲ. ಒಳಗಿನಿಂದ ಒಂದು ಚೀಲ ತಂದು, ಅದರೊಳಗೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟು, ತಿಂಗಳಿಗೊಮ್ಮೆ ರಜಿಯಾ ಆಪಾಗೆ ನಾನು ಕೊಟ್ಟು ಬರುತ್ತೇನೆ, ಈ ಸಲ ನೀನು ಕೊಡು ಅಂದರು. ಮನೆ ಎಲ್ಲಿದೆ ಎಂದು ಗುರುತು ಹೇಳಿದರು. ಬಸ್ಸಿನ ಹೊತ್ತಾಯಿತು ಎಂದು ಅವರೇ ನನ್ನನ್ನು ಎಬ್ಬಿಸಿದರು.

ಮರುದಿನ ಬೆಳಿಗ್ಗೆ ಹೋದೆ. ಕಪನೂರದ ಹಿಂದಿನ ಒಂದು ಗಲ್ಲಿ, ಎರಡು ಕೋಣೆಯ ಮನೆ. ಆಪಾ ಬಾಗಿಲ ಹತ್ತಿರ ಮಷೀನು ಇಟ್ಟುಕೊಂಡು ಬೇರೆಯವರ ಬಟ್ಟೆಗೆ ಅಂಚು ಹೊಲಿಯುತ್ತಿದ್ದಳು. ನನ್ನನ್ನು ಗುರುತು ಹಿಡಿದು, ದೊಡ್ಡ ಸಾಬರ ಜೊತೆ ಬರುತ್ತಿದ್ದ ಸಣ್ಣ ಸಾಬರು ಎಂದು ಸಂಭ್ರಮದಿಂದ ಕುರ್ಚಿ ಹಾಕಿದಳು. ಹೆಂಗಸರ ಸುದ್ದಿ ಕೇಳಿದೆ. ನಾಲ್ಕೈದು ಜನ ಮನೆಗೆಲಸಕ್ಕೆ ಹೋಗುತ್ತಾರೆ, ಒಬ್ಬಳು ಹೈದರಾಬಾದಿಗೆ ಹೋದಳು, ಬಹಳ ಜನ ಸುಮ್ಮನೆ ಮನೆಯಲ್ಲಿದ್ದಾರೆ. ಅಲ್ಲೇ ಇನ್ನೂ ನಾಲ್ಕು ಹೊಲಿಗೆ ಶೆಡ್ಡುಗಳಿವೆ, ಎಲ್ಲಿಯೂ ಇವರನ್ನು ತೆಗೆದುಕೊಳ್ಳುವುದಿಲ್ಲ. ನೀವು ಆ ಮುಚ್ಚಿದ ಶೆಡ್ಡಿನವರಲ್ಲವೇ, ಕೆಲಸಕ್ಕೆ ಸರಿಯಾಗಿ ಬರುವುದಿಲ್ಲವಂತೆ, ಕೈ ನಿಧಾನವಂತೆ, ಕಂಪನಿಯವರೇ ಬರೆದಿದ್ದಾರಂತೆ ಅನ್ನುತ್ತಾರೆ. ನನ್ನ ಆರನೆಯ ಕಾರಣ ಕಪನೂರದ ಗೇಟುಗೇಟಿಗೂ ನನಗಿಂತ ಮೊದಲೇ ಹೋಗಿ ಬಂದಿತ್ತು.

"ಒಂದು ಮಾತು ಕೇಳ್ತೀನ್ರಿ ಸಾಬ್," ಅಂದಳು ಆಪಾ. "ನಮ್ಮ ಕಡಿಂದ ಏನರೆ ಗಲತಿ ಆಗಿತ್ತೇನ್ರಿ? ದೊಡ್ಡ ಸಾಬರಿಗಿ ಪ್ರತಿ ಸಲ ಕೇಳ್ತೀನಿ. ಬರದವ್ರು ಒಂದಿನ ಬರ್ತಾರ, ಅವರಿಗೇ ಕೇಳ್ರಿ ಅಂತಾರ."

ನಿಮ್ಮ ಕಡೆಯಿಂದ ಯಾವ ತಪ್ಪೂ ಆಗಿರಲಿಲ್ಲ, ಬರೆದವನು ನಾನೇ, ಬರೆದದ್ದು ಸುಳ್ಳು ಎಂದು ಹೇಳಿದೆ. ಇಷ್ಟು ಹೇಳುವುದಕ್ಕೆ ಎರಡು ವರ್ಷ ಹಿಡಿದಿತ್ತು. ಆಪಾ ಎದ್ದು ಹೋಗಿ ಮೊಮ್ಮಗಳ ಶಾಲೆಯ ವಹಿಯಿಂದ ಒಂದು ಹಾಳೆ ಹರಿದು ತಂದು ಮಷೀನಿನ ಮೇಲೆ ಇಟ್ಟಳು.

"ಈಗ ಹೇಳಿದ್ರಲ್ಲ, ಅದನ್ನ ಬರದು ಕೊಡ್ರಿ. ಬಾಯಿ ಮಾತು ಗೇಟಿನವ್ರು ಕೇಳಲ್ಲ."

ಕನ್ನಡದಲ್ಲಿ ಬರೆದೆ. ಈ ಘಟಕದವರು ದಿನಾ ಬರುತ್ತಿದ್ದರು, ಹೇಳಿದ ದಿನ ಹೇಳಿದಷ್ಟು ಚೀಲ ಹೊಲಿದು ಕೊಡುತ್ತಿದ್ದರು, ಇದಕ್ಕೆ ವಿರುದ್ಧವಾಗಿ ಕಂಪನಿಯ ಟಿಪ್ಪಣಿಯಲ್ಲಿ ಇರುವುದು ಸುಳ್ಳು, ಆ ಸುಳ್ಳನ್ನು ಬರೆದವನು ನಾನು. ಸಹಿ ಮಾಡಿದೆ. ಆಪಾ ಓದಿಸಿಕೊಂಡು ಕೇಳಿ, ಸಹಿಯ ಕೆಳಗೆ ಹುದ್ದೆಯನ್ನೂ ಬರೆಯಿರಿ, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ ಅಂದಳು. ಹುದ್ದೆಯನ್ನೂ ಪೂರ್ತಿಯಾಗಿ ಬರೆದೆ. ಬರೆಯುವ ಹೊತ್ತಿಗೆ ಅದು ಇನ್ನೂ ನನ್ನದಾಗಿತ್ತು.